ಆಗಮನ ಕಾಲ: ಕಾಯುವುದೂ ಒಂದು ಕೆಲಸ



ನವೆಂಬರ್ ತಿಂಗಳು ಮುಗಿಯುತ್ತಿದ್ದಂತೆ ನಮ್ಮ ಕರಾವಳಿಯ ಊರುಗಳಲ್ಲಿ ಕ್ರಿಸ್ಮಸ್ ಸಿದ್ಧತೆ ಆರಂಭವಾಗುತ್ತದೆ. ಅಂಗಡಿಗಳ ಮುಂದೆ ನಕ್ಷತ್ರಗಳು ತೂಗುತ್ತವೆ. ಇಗರ್ಜಿಯಲ್ಲಿ ಗಾಯನ ಮಂಡಳಿಯ ಅಭ್ಯಾಸ, ಯುವಜನರ ಗೋದಲಿ ತಯಾರಿ, ಮನೆಗಳಲ್ಲಿ ಕುಸ್ವಾರದ ಲೆಕ್ಕಾಚಾರ, ಊರಿಗೆ ಬರುವವರ ಟಿಕೆಟಿನ ಮಾತು. ಈ ಸಂಭ್ರಮ ಒಳ್ಳೆಯದೇ. ಆದರೆ ಇದೇ ದಿನಗಳಲ್ಲಿ ನಮ್ಮ ಧರ್ಮಕೇಂದ್ರಗಳ ಕೆಲವು ಮನೆಗಳಲ್ಲಿ ನಕ್ಷತ್ರ ಕಟ್ಟಲು ಯಾರಿಗೂ ಕೈ ಏಳುವುದಿಲ್ಲ. ಈ ವರ್ಷ ಸಾವು ನಡೆದ ಮನೆ, ಸಾಲದ ಕಂತು ಕಟ್ಟಲಾಗದ ಮನೆ, ಮಗ ಗಲ್ಫಿನಲ್ಲಿ ಕೆಲಸ ಕಳೆದುಕೊಂಡ ಮನೆ, ಆಸ್ಪತ್ರೆಯ ವರದಿಗಾಗಿ ಎದುರು ನೋಡುತ್ತಿರುವ ಮನೆ, ಇಬ್ಬರೇ ವೃದ್ಧರು ಉಳಿದಿರುವ ಮನೆ. ಹೊರಗಿನ ಬೆಳಕು ಹೆಚ್ಚಿದಷ್ಟೂ ಇಂಥವರಿಗೆ ಒಳಗಿನ ಕತ್ತಲು ಹೆಚ್ಚಾಗಿ ಕಾಣುತ್ತದೆ.

ಧರ್ಮಸಭೆ ನಮ್ಮನ್ನು ನೇರವಾಗಿ ಕ್ರಿಸ್ಮಸ್ ಹಬ್ಬಕ್ಕೆ ಕರೆದೊಯ್ಯುವುದಿಲ್ಲ. ಅದಕ್ಕೆ ಮೊದಲು ನಾಲ್ಕು ಭಾನುವಾರಗಳ ಆಗಮನ ಕಾಲವನ್ನು ನಮಗೆ ಕೊಡುತ್ತದೆ. ಯಾರ ಬಾಳಿನಲ್ಲಿ ಇನ್ನೂ ಬೆಳಗಾಗಿಲ್ಲವೋ ಅವರ ಕಾಲ ಇದು. ಇದನ್ನು ಹಬ್ಬದ ತಯಾರಿಯ ಗಡಿಬಿಡಿಯಲ್ಲಿ ಕಳೆದುಕೊಂಡರೆ, ನಮ್ಮ ನಡುವೆ ನೊಂದಿರುವವರಿಗೆ ಧರ್ಮಸಭೆ ಕೊಡಬಹುದಾದ ದೊಡ್ಡದೊಂದನ್ನು ನಾವು ಅವರ ಕೈಯಿಂದ ಕಸಿದುಕೊಂಡಂತೆ. ಆದ್ದರಿಂದ ಈ ಕಾಲದ ಅರ್ಥವೇನು, ಇದರಲ್ಲಿ ಭರವಸೆಯನ್ನು ಕಂಡುಕೊಳ್ಳುವುದು ಹೇಗೆ ಎಂದು ಸ್ವಲ್ಪ ಧ್ಯಾನಿಸೋಣ.

ಆಗಮನ ಕಾಲ ಎಂದರೇನು?

ಲತೀನ್ ಭಾಷೆಯ 'ಅದ್ವೆಂತುಸ್' ಎಂಬ ಪದಕ್ಕೆ 'ಬರುವಿಕೆ' ಎಂದರ್ಥ. ಸಂತ ಅಂದ್ರೆಯರ ಹಬ್ಬವಾದ ನವೆಂಬರ್ 30ಕ್ಕೆ ಅತಿ ಸಮೀಪದ ಭಾನುವಾರ ಆಗಮನ ಕಾಲ ಆರಂಭವಾಗುತ್ತದೆ. ಹಾಗಾಗಿ ಮೊದಲ ಭಾನುವಾರ ನವೆಂಬರ್ 27ರಿಂದ ಡಿಸೆಂಬರ್ 3ರೊಳಗೆ ಬರುತ್ತದೆ. ಈ ಕಾಲ ಕನಿಷ್ಠ 22 ದಿನ, ಗರಿಷ್ಠ 28 ದಿನ ಇರುತ್ತದೆ. ಧರ್ಮಸಭೆಯ ಆರಾಧನಾ ವರ್ಷ ಆರಂಭವಾಗುವುದೂ ಇದೇ ಭಾನುವಾರ. ಮಿಲಾನ್ ನಗರದ ಅಂಬ್ರೋಸಿಯನ್ ವಿಧಿಯಲ್ಲಿ ಇಂದಿಗೂ ಆಗಮನ ಕಾಲಕ್ಕೆ ಆರು ಭಾನುವಾರಗಳಿವೆ.

ಈ ಕಾಲಕ್ಕೆ ಎರಡು ಭಾಗಗಳಿವೆ. ಡಿಸೆಂಬರ್ 16ರವರೆಗೆ ನಮ್ಮ ದೃಷ್ಟಿ ಮುಖ್ಯವಾಗಿ ಪ್ರಭುವಿನ ಎರಡನೇ ಆಗಮನದ ಕಡೆಗಿರುತ್ತದೆ. ಮೊದಲ ಭಾನುವಾರದ ಶುಭಸಂದೇಶ ಬೆತ್ಲೆಹೇಮಿನ ಕಂದನ ಬಗ್ಗೆ ಮಾತನಾಡದೆ ಎಚ್ಚರವಾಗಿರಿ ಎಂದು ಹೇಳುವುದು ಇದೇ ಕಾರಣಕ್ಕೆ. ಡಿಸೆಂಬರ್ 17ರಿಂದ 24ರವರೆಗೆ ನಾವು ಪ್ರಭುವಿನ ಜನನಕ್ಕೆ ನೇರವಾಗಿ ಸಿದ್ಧರಾಗುತ್ತೇವೆ. 12ನೇ ಶತಮಾನದ ಕ್ಲೇರ್ವೋದ ಸಂತ ಬರ್ನಾರ್ಡರು ಈ ಎರಡರ ನಡುವೆ ಇನ್ನೊಂದು ಆಗಮನವೂ ಇದೆ ಎಂದು ಕಲಿಸಿದರು. ಅದು ಇಂದು, ಮೌನವಾಗಿ, ನಮ್ಮ ಹೃದಯಕ್ಕೆ ಪ್ರಭು ಬರುವ ಆಗಮನ.

ಪೂಜಾವಸ್ತ್ರದ ಬಣ್ಣ ನೇರಳೆ. ಭಾನುವಾರದ ಬಲಿಪೂಜೆಯಲ್ಲಿ ಮಹಿಮಾಗೀತೆಯನ್ನು ಹಾಡುವುದಿಲ್ಲ. ಆದರೆ ತಪಸ್ಸು ಕಾಲದಲ್ಲಿ ಕೈಬಿಡುವ ಅಲ್ಲೆಲೂಯವನ್ನು ಇಲ್ಲಿ ಬಿಡುವುದಿಲ್ಲ. ಇದರಲ್ಲಿ ಒಂದು ಪಾಠವಿದೆ. ಆಗಮನ ಕಾಲ ಶೋಕದ ಕಾಲವಲ್ಲ, ಪೂರ್ಣ ಹಬ್ಬದ ಕಾಲವೂ ಅಲ್ಲ. ಹಬ್ಬ ಇನ್ನೂ ಬಂದಿಲ್ಲದಿದ್ದರೂ ಅಲ್ಲೆಲೂಯ ನಿಂತಿಲ್ಲ. ಮೂರನೇ ಭಾನುವಾರ ಗುಲಾಬಿ ಬಣ್ಣ ಕಾಣಿಸಿಕೊಳ್ಳುತ್ತದೆ; ದಾರಿಯ ಅರ್ಧಕ್ಕಿಂತ ಹೆಚ್ಚು ನಡೆದಿದ್ದೇವೆ, ಸಂತೋಷಪಡಿ ಎಂದು ಧರ್ಮಸಭೆ ಆ ದಿನ ನಮಗೆ ಹೇಳುತ್ತದೆ.

ಭರವಸೆ ಎಂದರೆ ಆಸೆಯಲ್ಲ

"ಎಲ್ಲ ಸರಿಹೋಗುತ್ತದೆ ಬಿಡಿ" ಎಂದು ನಾವು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತೇವೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ. ಆದರೆ ಕ್ಯಾನ್ಸರ್ ಕೊನೆಯ ಹಂತದಲ್ಲಿರುವ ತಾಯಿಯ ಹಾಸಿಗೆಯ ಬಳಿ ಕುಳಿತ ಮಗಳಿಗೆ ಈ ಮಾತು ಏನು ಕೊಟ್ಟೀತು? ಎಲ್ಲವೂ ನಾವು ಬಯಸಿದಂತೆ ಆಗುವುದಿಲ್ಲ ಎಂಬುದು ನಮಗೆಲ್ಲ ತಿಳಿದ ಸತ್ಯ.

ನಮ್ಮ ಕನ್ನಡದ 'ಭರವಸೆ' ಎಂಬ ಪದವನ್ನು ಸ್ವಲ್ಪ ಗಮನಿಸಿ. ನಾವು ಭರವಸೆಯನ್ನು 'ಇಡುತ್ತೇವೆ', ಭರವಸೆಯನ್ನು 'ಕೊಡುತ್ತೇವೆ' ಕೂಡ. ಒಬ್ಬರು ಮಾತು ಕೊಟ್ಟಿದ್ದಾರೆ, ಇನ್ನೊಬ್ಬರು ಆ ಮಾತನ್ನು ನಂಬಿ ನಿಂತಿದ್ದಾರೆ. ಎರಡಕ್ಕೂ ಒಂದೇ ಪದ. ಆಸೆ ಒಬ್ಬನ ಮನಸ್ಸಿನಲ್ಲೇ ಹುಟ್ಟಿ ಅಲ್ಲೇ ಸಾಯಬಹುದು. ಭರವಸೆಗೆ ಮಾತ್ರ ಇಬ್ಬರು ಬೇಕು. ಕ್ರೈಸ್ತ ಭರವಸೆಯ ತಿರುಳು ಇದೇ. ನಾಳೆ ಏನಾಗುವುದೆಂದು ನಮಗೆ ಗೊತ್ತಿಲ್ಲ. ಆದರೆ ಮಾತು ಕೊಟ್ಟವರು ಯಾರೆಂದು ಗೊತ್ತಿದೆ. ವಿಶ್ವಾಸ, ಭರವಸೆ, ಪ್ರೀತಿ ಇವು ಮೂರನ್ನು ಧರ್ಮಸಭೆ ದೈವಿಕ ಸದ್ಗುಣಗಳೆಂದು ಕರೆಯುವುದು ಇವು ದೇವರಿಂದ ಬಂದು ದೇವರಲ್ಲೇ ನೆಲೆಗೊಳ್ಳುವುದರಿಂದ.

ಪೋಪ್ 16ನೇ ಬೆನೆಡಿಕ್ಟರು ಭರವಸೆಯ ಬಗ್ಗೆ ಬರೆದ 'ಸ್ಪೆ ಸಾಲ್ವಿ' ಎಂಬ ವಿಶ್ವಪತ್ರಕ್ಕೆ ಸಹಿ ಹಾಕಿದ್ದು 2007ರ ನವೆಂಬರ್ 30ರಂದು, ಆಗಮನ ಕಾಲದ ಹೊಸ್ತಿಲಲ್ಲಿ. ಭರವಸೆಯನ್ನು ಕಲಿಯುವ ಶಾಲೆಗಳು ಯಾವುವು ಎಂದು ಅವರು ಅದರಲ್ಲಿ ವಿವರಿಸಿದ್ದಾರೆ. ಪ್ರಾರ್ಥನೆ ಮೊದಲನೆಯದು, ನಾವು ಮಾಡುವ ಕೆಲಸ ಮತ್ತು ಅನುಭವಿಸುವ ಕಷ್ಟ ಇನ್ನೊಂದು, ಅಂತಿಮ ನ್ಯಾಯತೀರ್ಪು ಮತ್ತೊಂದು. 2025ರ ಜುಬಿಲಿ ವರ್ಷಕ್ಕೆ ಪೋಪ್ ಫ್ರಾನ್ಸಿಸರು ಆರಿಸಿಕೊಂಡ ವಿಷಯವೂ 'ಭರವಸೆಯ ಯಾತ್ರಿಕರು' ಎಂಬುದೇ ಆಗಿತ್ತು. ಭರವಸೆ ಕಲಿಯಬೇಕಾದದ್ದು, ನಡೆದು ತಲುಪಬೇಕಾದದ್ದು ಎಂಬ ಅರ್ಥ ಈ ಎರಡರಲ್ಲೂ ಇದೆ.

ಸೆರೆಯಲ್ಲಿದ್ದು ಹೊಲ ಕೊಂಡ ಪ್ರವಾದಿ

ಪವಿತ್ರ ಗ್ರಂಥದಲ್ಲಿ ಭರವಸೆಯ ಒಂದು ಅಪರೂಪದ ಘಟನೆ ಯೆರೆಮೀಯನ ಗ್ರಂಥದ 32ನೇ ಅಧ್ಯಾಯದಲ್ಲಿದೆ. ಬಾಬಿಲೋನಿನ ಸೈನ್ಯ ಜೆರುಸಲೇಮನ್ನು ಮುತ್ತಿಗೆ ಹಾಕಿತ್ತು. ನಗರ ಬೀಳುತ್ತದೆ ಎಂದು ಸಾರಿದ ತಪ್ಪಿಗೆ ಯೆರೆಮೀಯನು ಅರಮನೆಯ ಕಾವಲು ಅಂಗಳದಲ್ಲಿ ಸೆರೆಯಾಗಿದ್ದ. ಆಗ ಅವನ ಚಿಕ್ಕಪ್ಪನ ಮಗ ಬಂದು, ಅನಾತೋತಿನಲ್ಲಿರುವ ತನ್ನ ಹೊಲವನ್ನು ಕೊಂಡುಕೋ ಎಂದು ಕೇಳಿದ. ಶತ್ರುಸೈನ್ಯ ತುಳಿಯುತ್ತಿರುವ ನಾಡಿನಲ್ಲಿ ಯಾರಾದರೂ ಜಾಗ ಖರೀದಿಸುವರೇ? ಯೆರೆಮೀಯ ಖರೀದಿಸಿದ. 17 ಶೆಕೆಲ್ ಬೆಳ್ಳಿಯನ್ನು ತೂಗಿ ಕೊಟ್ಟ. ಸಾಕ್ಷಿಗಳ ಮುಂದೆ ಕ್ರಯಪತ್ರಕ್ಕೆ ಸಹಿ ಹಾಕಿದ. ಆ ಪತ್ರ ಬಹುಕಾಲ ಉಳಿಯಲೆಂದು ಅದನ್ನು ಮಣ್ಣಿನ ಪಾತ್ರೆಯಲ್ಲಿಡಲು ಬಾರೂಕನಿಗೆ ಹೇಳಿದ. ಈ ನಾಡಿನಲ್ಲಿ ಜನರು ಮತ್ತೆ ಮನೆ, ಹೊಲ, ದ್ರಾಕ್ಷಿತೋಟ ಕೊಳ್ಳುವ ದಿನ ಬರುತ್ತದೆ ಎಂಬ ದೇವರ ಮಾತಿಗೆ ಅವನು ಕೊಟ್ಟ ಉತ್ತರ ಆ ಕ್ರಯಪತ್ರ.

ಜಾಗದ ದಾಖಲೆಗಳನ್ನು ಕಬ್ಬಿಣದ ಪೆಟ್ಟಿಗೆಯಲ್ಲಿ ಜೋಪಾನ ಮಾಡುವ ನಮಗೆ ಈ ಕಥೆ ಬೇಗ ಅರ್ಥವಾಗುತ್ತದೆ. ಯೆರೆಮೀಯ ಎಲ್ಲವೂ ಸರಿಯಿದೆ ಎಂದು ಹೇಳಲಿಲ್ಲ. ನಗರ ಬೀಳುತ್ತದೆ ಎಂದೇ ಹೇಳಿದ, ಅದು ಬಿದ್ದೂ ಹೋಯಿತು. ಆದರೆ ಬೀಳುವುದೇ ಕೊನೆಯಲ್ಲ ಎಂದು ನಂಬಿ, ಕೈಯಲ್ಲಿದ್ದ ಬೆಳ್ಳಿಯನ್ನು ಆ ನಂಬಿಕೆಯ ಮೇಲೆ ಇಟ್ಟ. ಕ್ರಿಸ್ತಪೂರ್ವ 538ರಲ್ಲಿ ಪರ್ಷಿಯಾದ ಅರಸ ಕೋರೇಷನು ಗಡೀಪಾರಾದ ಜನರಿಗೆ ಮರಳಲು ಅನುಮತಿ ಕೊಟ್ಟ. ಇದರ ಮುಂದಿನ ಅಧ್ಯಾಯದ, ದಾವೀದನ ವಂಶದ ನೀತಿಯ ಚಿಗುರಿನ ವಾಗ್ದಾನವನ್ನೇ ನಾವು 'ಸಿ' ವರ್ಷದ ಆಗಮನ ಕಾಲದ ಮೊದಲ ಭಾನುವಾರ ಕೇಳುತ್ತೇವೆ. ಎರಡನೇ ಭಾನುವಾರದ ಮೊದಲ ವಾಚನ, ಆ ಕ್ರಯಪತ್ರವನ್ನು ಕಾಪಾಡಿದ ಬಾರೂಕನ ಹೆಸರಿನ ಗ್ರಂಥದ್ದು.

ಸ್ನಾನಿಕ ಯೊವಾನ್ನರ ಪ್ರಶ್ನೆ

ಎರಡನೇ ಮತ್ತು ಮೂರನೇ ಭಾನುವಾರಗಳಲ್ಲಿ ನಮ್ಮ ಮುಂದೆ ನಿಲ್ಲುವವರು ಸ್ನಾನಿಕ ಯೊವಾನ್ನರು. 'ಎ' ವರ್ಷದ ಮೂರನೇ ಭಾನುವಾರದ ಶುಭಸಂದೇಶದಲ್ಲಿ ಅವರು ಹೆರೋದನ ಸೆರೆಮನೆಯಲ್ಲಿದ್ದಾರೆ. ಬರಬೇಕಾದವರು ನೀವೋ, ಇಲ್ಲ ನಾವು ಬೇರೊಬ್ಬರಿಗಾಗಿ ಕಾಯಬೇಕೋ ಎಂದು ಶಿಷ್ಯರ ಮೂಲಕ ಯೇಸುವನ್ನು ಕೇಳಿಸುತ್ತಾರೆ. ಜೋರ್ದಾನ್ ನದಿಯ ದಡದಲ್ಲಿ ಯೇಸುವನ್ನು ಬೆರಳೆತ್ತಿ ತೋರಿಸಿದವರೇ ಸೆರೆಮನೆಯ ಕತ್ತಲಲ್ಲಿ ಪ್ರಶ್ನೆ ಕೇಳುತ್ತಾರೆ. ಯೇಸು ಅವರನ್ನು ಗದರಿಸಲಿಲ್ಲ. ಕುರುಡರು ನೋಡುತ್ತಿದ್ದಾರೆ, ಕುಂಟರು ನಡೆಯುತ್ತಿದ್ದಾರೆ, ಬಡವರಿಗೆ ಶುಭಸಂದೇಶ ತಲುಪುತ್ತಿದೆ ಎಂಬ ಸುದ್ದಿಯನ್ನು ಕಳುಹಿಸಿದರು. ಬಳಿಕ ಜನರ ಮುಂದೆ ಯೊವಾನ್ನರನ್ನು ಹೊಗಳಿದರು.

ದುಃಖದಲ್ಲಿರುವ ಎಷ್ಟೋ ಮಂದಿ, "ನನಗೆ ವಿಶ್ವಾಸ ಕಡಿಮೆ, ಅದಕ್ಕೇ ಹೀಗೆ ಅನ್ನಿಸುತ್ತದೆ" ಎಂದು ಇನ್ನಷ್ಟು ಕುಗ್ಗುತ್ತಾರೆ. ಅವರಿಗೆ ಈ ಶುಭಸಂದೇಶ ಸಾಂತ್ವನ. ಪ್ರಶ್ನೆ ಕೇಳುವುದು ಭರವಸೆ ಕಳೆದುಕೊಂಡ ಲಕ್ಷಣವಲ್ಲ. ಯಾರನ್ನು ಕೇಳಬೇಕೋ ಅವರನ್ನೇ ಕೇಳುತ್ತಿದ್ದೇವೆ ಎಂಬುದೇ ಭರವಸೆ.

'ಸಿ' ವರ್ಷದ ಮೂರನೇ ಭಾನುವಾರ ಜನರು ಯೊವಾನ್ನರನ್ನು ಕೇಳುತ್ತಾರೆ: ಹಾಗಾದರೆ ನಾವೇನು ಮಾಡಬೇಕು? ಅವರ ಉತ್ತರ ಬಹಳ ಸರಳ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ. ಊಟ ಇರುವವನೂ ಹಾಗೆಯೇ ಮಾಡಲಿ. ಸುಂಕದವರು ನಿಗದಿಗಿಂತ ಹೆಚ್ಚು ವಸೂಲಿ ಮಾಡಬಾರದು. ಸೈನಿಕರು ಬೆದರಿಸಿ ಹಣ ಕೀಳಬಾರದು. ಯಾರಿಗೂ ಅವರವರ ಕೆಲಸ ಬಿಟ್ಟು ಮರುಭೂಮಿಗೆ ಬನ್ನಿ ಎಂದು ಅವರು ಹೇಳಲಿಲ್ಲ. ಇದ್ದಲ್ಲಿಯೇ ಇದ್ದು, ಮಾಡುವ ಕೆಲಸವನ್ನೇ ನೆಟ್ಟಗೆ ಮಾಡುತ್ತಾ ಪ್ರಭುವಿಗಾಗಿ ಕಾಯಿರಿ ಎಂದರು.

ನಮ್ಮ ಮೀನುಗಾರರಿಗೆ ಇದು ಹೊಸ ಪಾಠವೇನಲ್ಲ. ಮಳೆಗಾಲದಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆ ದಿನಗಳಲ್ಲಿ ದಡದಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಹರಿದ ಬಲೆಯನ್ನು ಸರಿಪಡಿಸುತ್ತಾರೆ, ಎಂಜಿನ್ ಬಿಚ್ಚಿ ದುರಸ್ತಿ ಮಾಡುತ್ತಾರೆ, ದೋಣಿಗೆ ಬಣ್ಣ ಬಳಿಯುತ್ತಾರೆ. ಮೀನು ಸಿಗುತ್ತದೆಂಬ ಖಾತ್ರಿ ಯಾರಿಗೂ ಇಲ್ಲ. ಆದರೂ ಬಲೆ ಸಿದ್ಧವಾಗುತ್ತದೆ. ಆಗಮನ ಕಾಲದ ಕಾಯುವಿಕೆ ಇಂಥದ್ದು.

ಸೆರೆಮನೆಯಲ್ಲಿ ಆಗಮನ ಕಾಲ

ಇತ್ತೀಚಿನ ಇತಿಹಾಸದಲ್ಲಿಯೂ ಇದಕ್ಕೆ ಸಾಕ್ಷಿಗಳಿದ್ದಾರೆ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸೇವೆ ಸಲ್ಲಿಸುತ್ತಿದ್ದ ಯೇಸುಸಭೆಯ ಧರ್ಮಗುರು ಆಲ್ಫ್ರೆಡ್ ಡೆಲ್ಪ್ ಅವರನ್ನು 1944ರ ಜುಲೈ 28ರಂದು ಬೆಳಗಿನ ಬಲಿಪೂಜೆಯ ಬಳಿಕ ಬಂಧಿಸಲಾಯಿತು. ಹಿಟ್ಲರನ ಆಡಳಿತದ ನಂತರ ದೇಶವನ್ನು ಹೇಗೆ ಕಟ್ಟಬೇಕೆಂದು ಚಿಂತಿಸಿದ ಗುಂಪಿನಲ್ಲಿ ಅವರಿದ್ದರು. ಬರ್ಲಿನ್ನಿನ ಟೇಗೆಲ್ ಸೆರೆಮನೆಯಲ್ಲಿ, ಕೈಗಳಿಗೆ ಬೇಡಿಯಿದ್ದಾಗಲೇ, ಕಾಗದದ ಚೂರುಗಳ ಮೇಲೆ ಅವರು ಆಗಮನ ಕಾಲದ ಧ್ಯಾನಗಳನ್ನು ಬರೆದರು. ಬಟ್ಟೆ ಒಗೆಯಲು ಒಯ್ಯುವವರ ಮೂಲಕ ಅವು ಗುಟ್ಟಾಗಿ ಹೊರಗೆ ಬಂದವು. ಮನುಷ್ಯನನ್ನು ಅಲುಗಾಡಿಸಿ ಎಚ್ಚರಿಸುವ ಕಾಲ ಆಗಮನ ಕಾಲ ಎಂಬುದು ಅವರ ಚಿಂತನೆ. ಡಿಸೆಂಬರ್ 8ರಂದು ಅದೇ ಸೆರೆಮನೆಯಲ್ಲಿ ಅವರು ತಮ್ಮ ಅಂತಿಮ ವ್ರತಗಳನ್ನು ಸ್ವೀಕರಿಸಿದರು. 1945ರ ಫೆಬ್ರವರಿ 2ರಂದು ಅವರನ್ನು ಗಲ್ಲಿಗೇರಿಸಲಾಯಿತು. ಆಗ ಅವರಿಗೆ 37 ವರ್ಷ.

ಇನ್ನೊಬ್ಬರು ವಿಯೆಟ್ನಾಮಿನ ಮಹಾಧರ್ಮಾಧ್ಯಕ್ಷ ಫ್ರಾನ್ಸಿಸ್ ಕ್ಸೇವಿಯರ್ ನ್ಗುಯೆನ್ ವಾನ್ ತುವಾನ್. ಸೈಗಾನ್‌ಗೆ ನೇಮಕಗೊಂಡ ಕೆಲವೇ ತಿಂಗಳಲ್ಲಿ, 1975ರ ಆಗಸ್ಟ್ 15ರಂದು, ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಹಬ್ಬದ ದಿನ, ಅವರು ಬಂಧನಕ್ಕೊಳಗಾದರು. 13 ವರ್ಷಗಳ ಸೆರೆವಾಸ. ಅದರಲ್ಲಿ 9 ವರ್ಷ ಏಕಾಂತ ಬಂಧನ. ಬಿಡುಗಡೆಯ ದಿನವನ್ನು ಎಣಿಸುತ್ತಾ ಕೂರುವುದಿಲ್ಲ, ಈ ಕ್ಷಣವನ್ನೇ ಪ್ರೀತಿಯಿಂದ ತುಂಬುತ್ತೇನೆ ಎಂಬುದು ಅವರ ನಿರ್ಧಾರ. ಒಬ್ಬ ಪುಟ್ಟ ಹುಡುಗ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ತಂದುಕೊಟ್ಟ. ಅವುಗಳ ಹಿಂಬದಿಯಲ್ಲಿ ತಮ್ಮ ಜನರಿಗಾಗಿ ಭರವಸೆಯ ಸಂದೇಶಗಳನ್ನು ಬರೆದರು. ಹೊಟ್ಟೆನೋವಿನ ಔಷಧಿ ಎಂಬ ಹೆಸರಿನಲ್ಲಿ ತರಿಸಿಕೊಂಡ ದ್ರಾಕ್ಷಾರಸದ ಮೂರು ಹನಿ, ಒಂದು ಹನಿ ನೀರು, ಅಂಗೈಯಲ್ಲೇ ಬಲಿಪೂಜೆ. 1988ರ ನವೆಂಬರ್ 21ರಂದು ಅವರ ಬಿಡುಗಡೆಯಾಯಿತು. 2001ರಲ್ಲಿ ಕಾರ್ಡಿನಲ್ ಆದ ಅವರು ಮರುವರ್ಷ ನಿಧನರಾದರು.

ಒಬ್ಬರಿಗೆ ಬಿಡುಗಡೆ ಸಿಕ್ಕಿತು, ಇನ್ನೊಬ್ಬರಿಗೆ ಈ ಲೋಕದಲ್ಲಿ ಸಿಗಲಿಲ್ಲ. ಆದರೆ ಇಬ್ಬರ ಭರವಸೆಯೂ ಒಂದೇ. ಫಲ ನಮ್ಮ ಕಣ್ಣಿಗೆ ಕಾಣದಿದ್ದರೂ ಮಾತು ಕೊಟ್ಟವರು ಸುಳ್ಳಾಡುವುದಿಲ್ಲ ಎಂಬುದನ್ನು ಇವರಿಬ್ಬರೂ ನಮಗೆ ಕಲಿಸುತ್ತಾರೆ.

ಬಡಮಕ್ಕಳಿಗಾಗಿ ಹುಟ್ಟಿದ ಆಗಮನ ಚಕ್ರ

ಇಂದು ನಮ್ಮ ಅನೇಕ ದೇವಾಲಯಗಳಲ್ಲಿ ಬಲಿಪೀಠದ ಬಳಿ ಹಸಿರು ಚಕ್ರವಿಟ್ಟು ವಾರಕ್ಕೊಂದರಂತೆ ನಾಲ್ಕು ಮೇಣದ ಬತ್ತಿಗಳನ್ನು ಬೆಳಗಿಸುತ್ತೇವೆ. ಈ ಪದ್ಧತಿಯ ಮೂಲ ಬಹಳ ಪುರಾತನವೇನಲ್ಲ. ಜರ್ಮನಿಯ ಹ್ಯಾಂಬರ್ಗ್ ಬಳಿ ಯೋಹಾನ್ ಹಿನ್‌ರಿಕ್ ವಿಖೆರ್ನ್ ಎಂಬ ಲೂಥರನ್ ಪಾದ್ರಿ ಬಡಮಕ್ಕಳಿಗಾಗಿ ಒಂದು ಆಶ್ರಯಧಾಮ ನಡೆಸುತ್ತಿದ್ದರು. ಕ್ರಿಸ್ಮಸ್ ಎಂದು ಬರುತ್ತದೆ ಎಂದು ಮಕ್ಕಳು ದಿನವೂ ಕೇಳುತ್ತಿದ್ದುದರಿಂದ 1839ರಲ್ಲಿ ಅವರು ಗಾಡಿಯ ಚಕ್ರವೊಂದಕ್ಕೆ ಮೇಣದ ಬತ್ತಿಗಳನ್ನು ಸಿಕ್ಕಿಸಿ ದಿನಕ್ಕೊಂದನ್ನು ಹಚ್ಚಲು ಆರಂಭಿಸಿದರು. ವಾರದ ದಿನಗಳಿಗೆ ಚಿಕ್ಕವು, ಭಾನುವಾರಗಳಿಗೆ ದೊಡ್ಡವು. 20ನೇ ಶತಮಾನದಲ್ಲಿ ಇದು ಕಥೋಲಿಕ ದೇವಾಲಯಗಳಿಗೂ ಬಂತು. ಮನೆಯಿಲ್ಲದ ಮಕ್ಕಳಿಗೆ ಕಾಯುವುದನ್ನು ಕಲಿಸಲು ಹುಟ್ಟಿದ ದೀಪ ಇದು ಎಂಬುದನ್ನು ಬಲಿಪೀಠದ ಅಲಂಕಾರದ ನಡುವೆ ನಾವು ಮರೆಯಬಾರದು. ಮೊದಲ ವಾರ ಉರಿಯುವುದು ಒಂದೇ ಬತ್ತಿ. ಬೆಳಕು ಒಮ್ಮೆಲೇ ಬರುವುದಿಲ್ಲ, ಬರುವುದಂತೂ ನಿಲ್ಲುವುದಿಲ್ಲ.

ನಮ್ಮ ಧರ್ಮಕೇಂದ್ರದಲ್ಲಿ ನಾವೇನು ಮಾಡಬಹುದು?

ಮೊದಲ ವಾರ: ಪ್ರತಿ ವಾಳೆಯ ಗುರಿಕಾರರು ಈ ವರ್ಷ ಸಾವು ಸಂಭವಿಸಿದ ಮನೆಗಳನ್ನು ನೆನಪು ಮಾಡಿಕೊಳ್ಳಲಿ. ಇಬ್ಬರು ಜೊತೆಯಾಗಿ ಹೋಗಿ ಅರ್ಧ ಗಂಟೆ ಕುಳಿತು ಬರಲಿ. ಉಪದೇಶ ಬೇಕಿಲ್ಲ. ತೀರಿಹೋದವರ ಹೆಸರು ಹೇಳಿ ಒಂದು ಪ್ರಾರ್ಥನೆ ಸಾಕು.

ಎರಡನೇ ವಾರ: ಇಗರ್ಜಿಗೆ ಬರಲಾಗದ ವೃದ್ಧರ ಮತ್ತು ರೋಗಿಗಳ ಪಟ್ಟಿಯನ್ನು ಧರ್ಮಗುರುಗಳಿಗೆ ಕೊಡೋಣ. ಅವರಿಗೆ ಕ್ರಿಸ್ಮಸ್‌ಗೆ ಮೊದಲೇ ಪಾಪನಿವೇದನೆ ಮತ್ತು ಪರಮಪ್ರಸಾದ ಸಿಗುವಂತಾಗಲಿ. ಮಕ್ಕಳು ಪರದೇಶದಲ್ಲಿರುವ ತಂದೆತಾಯಿಯರ ಮನೆಗೆ ಯುವಜನರು ಹೋಗಿ ಗೋದಲಿ ಕಟ್ಟಿಕೊಡಲಿ.

ಮೂರನೇ ವಾರ: ಯೊವಾನ್ನರ ಮಾತಿನಂತೆ ಎರಡು ಅಂಗಿಯ ಲೆಕ್ಕ ನೋಡೋಣ. ಕುಸ್ವಾರ ಮಾಡುವಾಗ ಒಂದು ಪಾಲನ್ನು ಮಾಡಲಾಗದ ಮನೆಗೆ ಮೊದಲೇ ಎತ್ತಿಡೋಣ. ಕೂಲಿ ಬಾಕಿ ಇಟ್ಟುಕೊಂಡವರು ಹಬ್ಬಕ್ಕೆ ಮೊದಲು ಅದನ್ನು ತೀರಿಸೋಣ. ಜಾಗದ ಗಡಿ, ಪಾಲುಪಟ್ಟಿ ಎಂದು ಮಾತು ಬಿಟ್ಟ ಅಣ್ಣತಮ್ಮಂದಿರಿದ್ದರೆ ಯಾರಾದರೊಬ್ಬರು ಮೊದಲು ಮಾತನಾಡಲಿ.

ನಾಲ್ಕನೇ ವಾರ: ಡಿಸೆಂಬರ್ 17ರಿಂದ 23ರವರೆಗೆ ಧರ್ಮಸಭೆಯ ಸಂಧ್ಯಾ ಪ್ರಾರ್ಥನೆಯಲ್ಲಿ ಪ್ರಭುವನ್ನು ಏಳು ಹೆಸರುಗಳಿಂದ ಕರೆಯುತ್ತೇವೆ: ಜ್ಞಾನ, ಒಡೆಯ, ಜೆಸ್ಸೆಯನ ಬೇರು, ದಾವೀದನ ಬೀಗದ ಕೈ, ಉದಯ, ಜನಾಂಗಗಳ ಅರಸ, ಇಮ್ಮಾನುವೇಲ್. ಲತೀನಿನಲ್ಲಿ ಈ ಹೆಸರುಗಳ ಮೊದಲ ಅಕ್ಷರಗಳನ್ನು ಕೊನೆಯಿಂದ ಓದಿದರೆ 'ನಾಳೆ ನಾನಿರುವೆ' ಎಂಬರ್ಥದ ಮಾತಾಗುತ್ತದೆ. ಮನೆಯ ರೋಜರಿಯ ಬಳಿಕ ದಿನಕ್ಕೊಂದು ಹೆಸರು ಹೇಳಿ, ಅಂದು ಅದರ ಅಗತ್ಯ ಯಾರಿಗಿದೆಯೋ ಅವರಿಗಾಗಿ ಪ್ರಾರ್ಥಿಸೋಣ. ಬೀಗದ ಕೈಯ ದಿನ ಸೆರೆಯಲ್ಲಿರುವವರಿಗಾಗಿ ಮತ್ತು ಕುಡಿತದ ಚಟದಲ್ಲಿ ಸಿಕ್ಕಿಕೊಂಡವರಿಗಾಗಿ, ಉದಯದ ದಿನ ಮನಸ್ಸಿನ ಕತ್ತಲಲ್ಲಿರುವವರಿಗಾಗಿ.

ಕೊನೆಯದಾಗಿ ಒಂದು ಮುಖ್ಯ ಮಾತು. ಬದುಕೇ ಬೇಡ ಎನ್ನುವಷ್ಟು ನಿರಾಶೆ ಕೆಲವರನ್ನು ಆವರಿಸುತ್ತದೆ. ಅದು ಪಾಪದ ಫಲವೆಂದೋ ವಿಶ್ವಾಸದ ಕೊರತೆಯೆಂದೋ ನಾವು ತೀರ್ಪು ಕೊಡುವುದು ಬೇಡ. ಅದು ಚಿಕಿತ್ಸೆ ಬೇಕಾದ ನೋವೂ ಆಗಿರಬಹುದು. ಅಂಥವರನ್ನು ಒಂಟಿಯಾಗಿ ಬಿಡದೆ, ಜೊತೆಯಲ್ಲಿದ್ದು, ವೈದ್ಯರ ಬಳಿಗೆ ಕರೆದೊಯ್ಯೋಣ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಪ್ರಾರ್ಥನೆ ಮತ್ತು ಚಿಕಿತ್ಸೆ ಒಂದಕ್ಕೊಂದು ವಿರೋಧವಲ್ಲ. ಎರಡೂ ದೇವರ ಕೈಗಳೇ.

ಗೋದಲಿಗೆ ಹಸಿರು ಬೇಕೆಂದು ನಮ್ಮ ಮಕ್ಕಳು ಎರಡು ವಾರ ಮೊದಲೇ ತಟ್ಟೆಯಲ್ಲಿ ಮಣ್ಣು ಹಾಕಿ ರಾಗಿ, ಭತ್ತ ಬಿತ್ತುತ್ತಾರೆ. ಮೊದಲ ದಿನಗಳಲ್ಲಿ ಅಲ್ಲಿ ಕಾಣುವುದು ಬರೀ ಮಣ್ಣು. ಆದರೂ ದಿನವೂ ನೀರು ಚಿಮುಕಿಸುತ್ತಾರೆ. ಈ ಆಗಮನ ಕಾಲದಲ್ಲಿ ನಾವು ಪ್ರತಿಯೊಬ್ಬರೂ, ಮಣ್ಣಷ್ಟೇ ಕಾಣುತ್ತಿರುವ ಒಂದು ಮನೆಗೆ ನೀರು ಚಿಮುಕಿಸುವವರಾಗೋಣ. ದೇವರ ಮಾತಿಗೆ ಸಮ್ಮತಿಸಿ ಒಂಬತ್ತು ತಿಂಗಳು ಕಾದ ಮಾತೆ ಮರಿಯಮ್ಮನವರು ನಮಗಾಗಿ ಪ್ರಾರ್ಥಿಸಲಿ.

ಎಲ್ಲರಿಗೂ ಆಗಮನ ಕಾಲದ ಶುಭಾಶಯಗಳು. ಬರಲಿರುವ ಪ್ರಭು ನಿಮ್ಮ ಮನೆಮನೆಗಳನ್ನು ಆಶೀರ್ವದಿಸಲಿ.